ಲಿಫ್ಟರ್ ಹೆಸರು

ಭೂಮಿಕಾ,

ನಿನ್ನ ಈಗಿನ ವಿಳಾಸ ನನಗೆ ಗೊತ್ತಿಲ್ಲ, ಯಾರನ್ನೂ ಕೇಳಿಯೂ ಇಲ್ಲ. ನಿನ್ನೆ ಸಿದ್ದಾಪುರದ ವಾಲಿಬಾಲ್ ಪಂದ್ಯದಲ್ಲಿ ನಾನು ನಿನ್ನ ಜಾಗದಲ್ಲಿ, ಲಿಫ್ಟರ್ ಆಗಿ ಆಡಿದೆ.

ನನ್ನ ಬಲಭುಜದ ಸ್ನಾಯು ಹರಿದಿದೆ. ದಿನಾ ಬೆಳಿಗ್ಗೆ ಮೊಣಕೈ ಮತ್ತು ಪಕ್ಕೆಯ ನಡುವೆ ಟವೆಲ್ ಸುರುಳಿ ಇಟ್ಟುಕೊಂಡು, ಕಿಟಕಿಯ ಸರಳಿಗೆ ಕಟ್ಟಿದ ರಬ್ಬರ್ ಪಟ್ಟಿ ಎಳೆಯುತ್ತೇನೆ. ಟವೆಲ್ ಬಿದ್ದರೆ ಎಳೆದದ್ದು ತಪ್ಪು. ಸ್ಮ್ಯಾಶ್ ಹೊಡೆಯಲು ಶಿರಸಿಯ ಫಿಸಿಯೊ ಇನ್ನೂ ಒಪ್ಪಿಲ್ಲ. ಸೀಸನ್ ನಡೆಯುತ್ತಿರುವಾಗ ಮನೆಯಲ್ಲಿ ಕೂರುವುದು ನನ್ನಿಂದಾಗದು.

"ಈ ಸಲ ಹೊಡೆಯಡ ಮಾರಾಯ್ತಿ, ಬಾಲ್ ಎತ್ತಿಕೊಡು ಸಾಕು," ಎಂದರು ನಮ್ಮ ಕೋಚ್ ದೇವಕಕ್ಕ.

ಎತ್ತಿಕೊಟ್ಟೆ. ಹೊಸ ಹುಡುಗಿ ಪ್ರತಿಭಾ ಹೊಡೆದಳು. ಪ್ರತಿ ಪಾಯಿಂಟಿಗೂ ಮೈಕಿನವನು ಅವಳ ಹೆಸರು ಕೂಗಿದ, ಹಿಂದೆ ನನ್ನದನ್ನು ಕೂಗುತ್ತಿದ್ದರಲ್ಲ, ಹಾಗೆಯೇ. ಅವಳು ಜನರತ್ತ ಓಡುತ್ತಿದ್ದಳು. ನಾನು ನಿಂತಲ್ಲಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಗೆದ್ದೆವು. ಮೈಕಿನವನು ಹೊಸಬ. ಏನನಿಸಿತೋ, "ನಿಮ್ಮ ಲಿಫ್ಟರ್ ಹೆಸರೆಂತ?" ಎಂದು ಕೇಳಿದ. ನೆಟ್ ಬಿಚ್ಚುತ್ತಿದ್ದ ದೇವಕಕ್ಕ, ಹಳೆಯ ರೂಢಿಯಲ್ಲಿ, "ಭೂಮಿಕಾ" ಅಂದುಬಿಟ್ಟರು.

ನೀನು ಆಡುತ್ತಿದ್ದಷ್ಟು ಕಾಲ ಮೈಕಿನಲ್ಲಿ ಯಾರೂ ಕೂಗದ ಆ ಹೆಸರನ್ನು ಅವನು ಎರಡು ಸಲ ಕೂಗಿದ. ಜನ ಚಪ್ಪಾಳೆ ತಟ್ಟಿದರು.

ನಾನು ಎಡಗೈ ಎತ್ತಿದೆ.

ಮಧುರಾ