ಬೆನ್ನು ನೋವು ಅಂತ ಹೇಳಿದ್ದು

ಮಾರ್ಚ್ 3, ಮಧ್ಯಾಹ್ನ
ಇವತ್ತೂ ಅದೇ. ಉರಿ, ನವೆ. ಬೆಳಿಗ್ಗೆ ಆಂಟಿಸೆಪ್ಟಿಕ್ ಹಾಕಿ ತೊಳ್ಕೊಂಡೆ, ಹಗಲಲ್ಲೇ ನಕ್ಷತ್ರ ಕಾಣಿಸ್ತು. ಐದನೇ ವಾರ. ಬಾಗಿಲಿಗೆ ಹೊಡೆದ ಪಾಲಿಶ್ ಒಣಗೋವರೆಗೆ ಬರೀತಿದೀನಿ — ನಿಂತ್ಕೊಂಡೇ. ಪ್ಯಾಂಟಿನ ಒಳಗಿನ ವಿಷಯ. ಜಾಗದ ಹೆಸರು ಬರೆಯಲ್ಲ, ಪುಸ್ತಕಕ್ಕೂ ಮಾನ ಇದೆ.
ಮನೇಲಿ ಹೆಂಡ್ತಿಗೆ ಬೆನ್ನು ನೋವು ಅಂತ ಹೇಳಿ ಹಾಲ್‌ನಲ್ಲಿ ಮಲಗ್ತಿದೀನಿ. ಕೆಟ್ಟ ಕಾಯಿಲೆ ಆಗಿದ್ದು ಅವಳಿಗೂ ಅಂಟಿದ್ರೆ? ಇಪ್ಪತ್ತೆರಡು ವರ್ಷದಲ್ಲಿ ಬೇರೆ ಕಡೆ ತಲೆ ಹಾಕಿದೋನಲ್ಲ. ನಂಬ್ತಾಳಾ? ನಾನು ನಿಜ ಹೇಳಿದ್ರೂ ಜನ ನಗ್ತಾರೆ.

ಮಾರ್ಚ್ 4
ಬೆನ್ನಿಗೆ ಬಿಸಿನೀರಿನ ಚೀಲ ಇಟ್ಲು. "ಇಲ್ಲೇನಾ?" "ಇನ್ನೂ ಕೆಳಗೆ" ಅಂದೆ, ಬಾಯಿ ತಪ್ಪಿ. ಅಲ್ಲಿಗೇ ನಿಲ್ಲಿಸ್ದೆ.
ವರ್ಕ್‌ಶಾಪಿನ ಬಡಗಿ — ಗರಗಸ ಅಂತೀವಿ, ಗೊರಕೆ ಹಾಗಿದೆ — ನನ್ನ ಬೆನ್ನಿಗೆ ಅಂತ ತೇಗದ ಹಲಗೆ ಕೀಸಿ ತಂದ. "ಇದ್ರ ಮೇಲೆ ಮಲಗು ಮಾರಾಯ, ಬಿಲ್ಲಿನ ಥರ ಇರೋನು ಬಾಣ ಆಗ್ತೀಯ." ಒಂದು ಸುಳ್ಳಿಗೆ ಎಂಥ ಒಳ್ಳೆ ಮರ...

ಮಾರ್ಚ್ 9
ಬರೀಲಿಲ್ಲ. ನವೆಗಿಂತ ಭಯ ಜಾಸ್ತಿ. ಬೆಳಿಗ್ಗೆ ಬಟ್ಟೆ ಮಡಚ್ತಾ, ಮುಖ ನೋಡದೆ ಕೇಳಿದ್ಲು: "ಬೆನ್ನಾ, ನಾನಾ?"
"ಏನು?"
"ನೋವು ಕೊಡ್ತಿರೋದು."
ಜೋಕ್ ಹುಡುಕ್ದೆ. ಸಿಗಲಿಲ್ಲ.

ಮಾರ್ಚ್ 10, ಹನ್ನೊಂದು ಗಂಟೆ
ಕ್ಲಿನಿಕ್ಕಿಗೆ ಹೋಗೇ ಬಿಟ್ಟೆ. ಡಾಕ್ಟರ್ ಹೆಂಗಸು. ಅಲ್ಲೂ ಬೆನ್ನು ಅಂದೆ. ತಟ್ಟಿ ನೋಡಿ, "ಚೆನ್ನಾಗಿದೆಯಲ್ಲ" ಅಂದ್ರು.
"ಅದು ಚೆನ್ನಾಗೇ ಇದೆ ಮೇಡಂ. ತೊಂದ್ರೆ ಮುಂದಿನ ಕಡೆ."
ನಗಲಿಲ್ಲ. ನೋಡಿದ್ರು. ರಕ್ತ, ಮೂತ್ರ ಟೆಸ್ಟಿಗೆ ಬರೆದ್ರು. ಆಮೇಲೆ ನನ್ನ ಕಂದು ಬೆರಳು ತಿರುಗಿಸಿ ನೋಡ್ತಾ — "ಕೆಲ್ಸ ಏನು?"
"ಪಾಲಿಶ್. ಅದು ಗಟ್ಟಿಯಾಗೋಕೆ ಎರಡು ತಿಂಗಳಿಂದ ಹೊಸ ಹಾರ್ಡ್‌ನರ್ ಬೆರೆಸ್ತೀವಿ, ಭಾರೀ ಖಾರ."
"ಮೂತ್ರಕ್ಕೆ ಹೋದಾಗ ಕೈ ತೊಳೀತೀರಾ?"
"ಸೋಪ್ ಹಾಕಿ. ಬಂದ್ಮೇಲೆ."
"ಹೋಗೋ ಮುಂಚೆ?"
ಮುಂಚೆ ಯಾರು ತೊಳೀತಾರೆ...
"ಕೈಯಲ್ಲಿರೋ ಹಾರ್ಡ್‌ನರ್ರೇ ಅಲ್ಲಿಗೆ ತಾಗಿ ಉರೀತಿರಬೇಕು. ಗ್ಲೌಸ್ ಹಾಕಿ. ಆ ಆಂಟಿಸೆಪ್ಟಿಕ್ ಬಿಸಾಕಿ, ಬರೀ ನೀರು ಸಾಕು. ರಿಪೋರ್ಟ್ ಬರ್ಲಿ. ಮನೇಲಿ ಹೇಳಿದೀರಾ?"
ಟೆಸ್ಟಿನ ಚೀಟಿ ಮಡಚಿ ಜೇಬಿಗೆ ಹಾಕ್ಕೊಂಡೆ.

ಮಾರ್ಚ್ 14, ಒಂದೂವರೆ, ಮನೇಲಿ
ರಿಪೋರ್ಟ್ ಬಂತು. ಯಾವ ಕಾಯಿಲೇನೂ ಇಲ್ಲ. ಉರಿ ಅರ್ಧ ಇಳಿದಿದೆ. ಕುಣೀಬೇಕಿತ್ತು. ಆದ್ರೆ ನಿನ್ನೆ ಅವಳು ಮಂಚದ ಮೇಲಿದ್ದ ನನ್ನ ದಿಂಬು ತಂದು ಹಲಗೆ ಮೇಲಿಟ್ಟು ಹೋದ್ಲು.
ಹೇಗೆ ಶುರು ಮಾಡೋದು? ನಿನಗೆ ಅಂಟಬಾರ್ದು ಅಂತ ದೂರ ಇದ್ದೆ ಅಂದ್ರೆ, ಏನು ಅಂಟಬಾರ್ದು ಅಂತಾಳೆ. ನಾಲ್ಕು ದಿನದಿಂದ ಬಾಯಲ್ಲಿ ಉರುಳಿಸ್ತಿದೀನಿ, ಮೊದಲನೇ ಮಾತೇ ಸಿಗ್ತಿಲ್ಲ.
ಕರೀತಿದಾಳೆ. "ಊಟಕ್ಕೆ ಬನ್ನಿ. ಮೊದ್ಲು ಕೈ ತೊಳ್ಕೊಳ್ಳಿ."
ಸಿಕ್ತು. ಅಲ್ಲಿಂದ್ಲೇ ಶುರು ಮಾಡ್ತೀನಿ. ಹಲಗೆ ಗರಗಸನಿಗೆ ವಾಪಸ್—