ಐದಕ್ಕೆ ಐದು

ಜೂನ್ ೩, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ, ಮೋಸದ ಮೇಲ್‌ಗೆ ಯಾರು ಬೀಳುತ್ತಾರೆಂದು ನೋಡುವ ಪರೀಕ್ಷೆಯ ಮೇಲ್ ಬಿಟ್ಟೆ. ‘ನಿಮ್ಮ ರಜೆ ರದ್ದಾಗಿದೆ, ವಿವರಕ್ಕೆ ಇಲ್ಲಿ ಒತ್ತಿ.’ ಹನ್ನೊಂದರೊಳಗೆ ಮೂವತ್ತೊಂದು ಜನ ಒತ್ತಿದ್ದರು. ಎಲ್ಲರಿಗೂ ನನ್ನ ಕೆಂಪು ಪುಟ: ‘ಸಿಕ್ಕಿಬಿದ್ದಿರಿ! ಶುಕ್ರವಾರ ಕ್ಲಾಸಿಗೆ ಬನ್ನಿ.’ ಅದರಲ್ಲಿ ಮ್ಯಾನೇಜರ್ ಸಾಹೇಬರೂ ಇದ್ದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಬಣ್ಣದ ಫ್ಯಾಕ್ಟರಿಯಲ್ಲಿ ಇಂಥ ಕೆಲಸವೂ ಒಂದಿದೆ ಎಂದರೆ ಅಮ್ಮ ಇನ್ನೂ ನಂಬುವುದಿಲ್ಲ. ಕ್ಯಾಂಟೀನಿನಲ್ಲಿ ಸ್ಟೋರ್‌ಕೀಪರ್ ಗೊಣಗಿದರು, “ನಿಮ್ಮ ಕಾಟಕ್ಕೆ ಹೆಂಡ್ತಿ ಮೇಲ್ ತೆಗೆಯೋಕೂ ಹೆದರಿಕೆ ಮೇಡಂ.”

“ಹೆದರಿಕೆ ಇರಲಿ. ಒಳ್ಳೇದೇ,” ಅಂದೆ.

ಜೂನ್ ೫, ಗುರುವಾರ, ಮಧ್ಯಾಹ್ನ

ನನಗೇ ಬಂತು ಒಂದು. ಗೊತ್ತಿಲ್ಲದ ವಿಳಾಸ. ಹಾಗೇ ಇಲ್ಲಿ ಬರೆದುಕೊಳ್ಳುತ್ತೇನೆ—

‘ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು. ನಾನು ನಿಮ್ಮ ತಮ್ಮ. ಆಸ್ಪತ್ರೆಯಲ್ಲಿದ್ದೇನೆ. ಫೋನ್ ಕಳೆದುಹೋಗಿದೆ. ಅಮ್ಮನಿಗೆ ಈಗಲೇ ಹೇಳಬೇಡಿ. ದಯವಿಟ್ಟು ಬೇಗ ಬನ್ನಿ. ಭೇಟಿಗೆ ಹೆಸರು ಬರೆಸಲು ಕೆಳಗೆ ಒತ್ತಿ.’

ಹೊಸ ವಿಳಾಸ, ಅವಸರ, ಗುಟ್ಟು, ಕರುಳು ಹಿಂಡುವ ಮಾತು, ಲಿಂಕ್. ಕ್ಲಾಸಿನ ಬೋರ್ಡಿನ ಮೇಲೆ ನಾನು ಬರೆಯುವ ಐದೂ ಗುರುತು ಒಂದೇ ಕಾಗದದಲ್ಲಿ! ಅದೂ ಸಾಲದೆಂಬಂತೆ ನಮಸ್ಕಾರ ಬೇರೆ. ನನ್ನ ತಮ್ಮ, ನಾನು ಮೊಂಡ ಎಂದೇ ಕರೆಯುವವನು, ಜನ್ಮದಲ್ಲಿ ನನಗೆ ನಮಸ್ಕಾರ ಹೇಳಿದವನಲ್ಲ.

ಹೋದ ವರ್ಷವೂ ಅವನ ಹೆಸರಿನಲ್ಲಿ ಹೀಗೇ ಬಂದಿತ್ತು, ಅಮ್ಮನಿಗೆ. ಕಷ್ಟದಲ್ಲಿದ್ದೇನೆ ಅಂತ. ಅಮ್ಮ ಹಿಂದೆ ಮುಂದೆ ನೋಡದೆ ಪೆನ್ಷನ್ನೆಲ್ಲ ಕಳಿಸಿಬಿಟ್ಟಳು. ಮೋಸ ಎಂದು ತಿಳಿದಾಗ ಅತ್ತದ್ದು ಹಣಕ್ಕಲ್ಲ. “ಅವನೇ ಬರೆದ ಅಂದ್ಕೊಂಡಿದ್ನಲ್ಲೇ” ಅಂತ.

ಅವನ ಹಳೆಯ ನಂಬರಿಗೆ ಒಮ್ಮೆ ಫೋನ್ ಹಚ್ಚಿದೆ. ಚಾಲ್ತಿಯಲ್ಲಿಲ್ಲ. ಮೂರು ವರ್ಷದಿಂದ ಇಲ್ಲ. ಅಪ್ಪ ಹೋದಾಗ ಒಂದು ದಿನ ತಡವಾಗಿ ಬಂದಿದ್ದ. ಬಾಗಿಲಲ್ಲೇ ನಿಲ್ಲಿಸಿ “ಈಗ ಬಂದ್ಯಾ?” ಅಂದಿದ್ದೆ. ಚೀಲ ಕೆಳಗಿಡದೆ ತಿರುಗಿ ಹೋದ.

ಮೇಲ್ ಬ್ಲಾಕ್ ಮಾಡಿದೆ. ಎರಡು ನಿಮಿಷದ ಕೆಲಸ. ಅಮ್ಮನಿಗೆ ಹೇಳಲಿಲ್ಲ.

ಜೂನ್ ೬, ಶುಕ್ರವಾರ

ಕ್ಲಾಸ್ ಚೆನ್ನಾಗಾಯಿತು. ನಿನ್ನೆಯ ಮೇಲನ್ನೇ ಪರದೆಯ ಮೇಲೆ ಹಾಕಿದೆ. ಯಾರಿಗೆ ಬಂತೆಂದು ಹೇಳಲಿಲ್ಲ. “ಇದಕ್ಕೆ ಎಷ್ಟು ಮಾರ್ಕು?” ಎಂದು ಕೇಳಿದರೆ ಇಡೀ ರೂಮು “ಐದಕ್ಕೆ ಐದು!” ಎಂದು ಕೂಗಿತು. ಸಾಹೇಬರು ಚಪ್ಪಾಳೆ ಹೊಡೆದರು.

ಸ್ಟೋರ್‌ಕೀಪರ್ ಮಾತ್ರ ಕೈ ಎತ್ತಿದರು. “ಅಕಸ್ಮಾತ್ ನಿಜ ಆಗಿದ್ರೆ ಮೇಡಂ?”

“ನಿಜ ಆಗಿದ್ರೆ ಹೇಗಾದ್ರೂ ಮಾಡಿ ಫೋನ್ ಮಾಡ್ತಾರೆ ಬಿಡಿ.”

ಹನ್ನೆರಡನೆಯ ಸ್ಲೈಡ್ ಈ ಸಲವೂ ಉಳಿಯಿತು. ಊಟದ ಗಂಟೆ ಹೊಡೆದ ಮೇಲೆ ಯಾರು ಕೂರುತ್ತಾರೆ.

ಜೂನ್ ೧೯, ಗುರುವಾರ

ಆಫೀಸಿಗೆ ಫೋನ್. ಯಾರೋ ನರ್ಸ್. ನಮ್ಮ ಕಂಪನಿಯ ನಂಬರ್ ಹುಡುಕಿ ತೆಗೆದಳಂತೆ. “ಮೂರು ಮೇಲ್ ಹಾಕಿದ್ವಿ ಮೇಡಂ. ನಿಮ್ಮದೊಂದು ವಿಳಾಸ ಮಾತ್ರ ಅವರಿಗೆ ಬಾಯಿಪಾಠ ಇತ್ತು. ಆಫೀಸಿಗೆ ಫೋನ್ ಮಾಡ್ಲಾ ಅಂದ್ರೆ, ಬರೋದಿದ್ರೆ ಬರ್ತಾಳೆ, ಬಲವಂತ ಬೇಡ ಅಂದ್ರು.”

ಮೊದಲ ಮೇಲ್ ಬರೆದದ್ದು ಅವಳೇ. ನಮಸ್ಕಾರ ಅವಳದು.

ಸೋಮವಾರ ಬೆಳಿಗ್ಗೆ ಹೋಗಿಬಿಟ್ಟನಂತೆ. ಯಾರೂ ಬರಲಿಲ್ಲವೆಂದು ನಿನ್ನೆ ಆಸ್ಪತ್ರೆಯವರೇ ದಹನ ಮಾಡಿದರಂತೆ.

ಜೂನ್ ೨೦

ಬಸ್ಸಿನಲ್ಲಿ ನಾಲ್ಕೇ ಗಂಟೆಯ ದಾರಿ. ನಾಲ್ಕೇ ಗಂಟೆ.

ವಾರ್ಡಿನ ಬಾಗಿಲಲ್ಲಿ ಒಬ್ಬ ವಯಸ್ಸಾದ ಆಯಾ ನೆಲ ಒರೆಸುತ್ತಿದ್ದಳು. ಯಾರೆಂದು ಹೇಳಿದೆ. ಒರೆಸುವುದನ್ನು ನಿಲ್ಲಿಸಿ ನೋಡಿದಳು. “ಈಗ ಬಂದ್ರಾ?” ಅಂದಳು. ಬೈಗುಳವೇನಲ್ಲ. ಪಾಪ, ಕೇಳಿದಳು ಅಷ್ಟೆ.

ಭೇಟಿಗೆ ಬಂದವರ ರಿಜಿಸ್ಟರಿನಲ್ಲಿ ಅವನ ಹಾಸಿಗೆಯ ಎದುರು ಹದಿಮೂರು ದಿನ ಖಾಲಿ. ಲಾರಿ ಮೆಕ್ಯಾನಿಕ್‌ನ ಕೈ, ಉಗುರಲ್ಲಿ ಗ್ರೀಸ್ ಕೊನೆವರೆಗೂ ಹೋಗಲಿಲ್ಲ ಎಂದಳು ನರ್ಸ್. ಚೌಕಳಿ ಶರ್ಟು, ಕನ್ನಡಕ ಒಂದು ಕವರಿನಲ್ಲಿ ಹಾಕಿ ಕೊಟ್ಟಳು. ಅವನು ಕನ್ನಡಕ ಹಾಕುತ್ತಾನೆಂದೇ ನನಗೆ ಗೊತ್ತಿರಲಿಲ್ಲ.

ಜೂನ್ ೨೨, ಭಾನುವಾರ

ಅಮ್ಮನಿಗೆ ಹೇಳಿದೆ. ಅಳುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. “ನಿಂಗೆ ಬರೆದಿದ್ನಾ? ಏನು ಬರೆದಿದ್ದ, ಓದು” ಅಂದಳು.

ಬ್ಲಾಕ್ ಆದ ಮೇಲ್ ಬೀಳುವ ಜಂಕ್ ಡಬ್ಬ ತೆರೆದೆ. ಉಳಿದೆರಡೂ ಅಲ್ಲೇ ಬಿದ್ದಿದ್ದವು. ನಾನೇ ಹಾಕಿದ ಬೀಗ. ಎರಡನೆಯದು ನರ್ಸಿನದೇ, ಎರಡು ಸಾಲು. ಮೂರನೆಯದು ಅವನೇ ಒಂದೇ ಬೆರಳಲ್ಲಿ ಒತ್ತಿದ್ದು, ಅರ್ಧ ಗಂಟೆ ಹಿಡಿಯಿತೆಂದು ನರ್ಸ್ ಹೇಳಿದ್ದಳು—

‘ಇನ್‌ಸ್ಪೆಕ್ಟರ್, ನೀನು ಚೆಕ್ ಮಾಡದೆ ನಂಬಲ್ಲ ಅಂತ ಗೊತ್ತು. ನನ್ನ ಸ್ಕೂಲ್ ಬ್ಯಾಗನ್ನೇ ಬಿಟ್ಟವಳಲ್ಲ. ನಾನೇ ಅನ್ನೋಕೆ ಗುರುತು: ಅಪ್ಪನ ಗಡಿಯಾರ ಒಡೆದಿದ್ದು ನಾನು, ಒದೆ ತಿಂದಿದ್ದು ನೀನು. ಅವತ್ತು ದಾರೀಲಿ ಬಸ್ ಕೆಟ್ಟಿತ್ತು ಕಣೆ. ಹೇಳೋಕೆ ಬಾಯಿ ಬರ್ಲಿಲ್ಲ. ಟೈಮಿದ್ರೆ ಬಾ.’

ಓದಿ ಹೇಳಿದೆ. ಅಮ್ಮ, “ಇನ್ನೊಂದ್ಸಲ” ಅಂದಳು. ಆರು ಸಲ ಓದಿದೆ.

ಜೂನ್ ೨೭, ಶುಕ್ರವಾರ

ಕ್ಲಾಸ್ ಹನ್ನೆರಡನೆಯ ಸ್ಲೈಡಿನಿಂದ ಶುರು ಮಾಡಿದೆ. ‘ಅನುಮಾನ ಬಂದರೆ ಅದರಲ್ಲಿರುವ ಲಿಂಕ್ ಒತ್ತಬೇಡಿ. ಆದರೆ ಸುಮ್ಮನಿರಲೂಬೇಡಿ. ಬೇರೆ ದಾರಿಯಲ್ಲಿ ನೀವೇ ವಿಚಾರಿಸಿ.’ ನಾನೇ ಬರೆದ ಸಾಲು. ಅವನು ಕೆಲಸಕ್ಕಿದ್ದ ಊರು ನನಗೆ ಗೊತ್ತಿತ್ತು, ಅಲ್ಲಿರುವುದು ಒಂದೇ ದೊಡ್ಡ ಆಸ್ಪತ್ರೆ. ಅದರ ನಂಬರ್ ಹುಡುಕಿ ಕೇಳಿದ್ದರೆ ಮುಗಿದಿತ್ತು. ಕೇಳಲಿಲ್ಲ. ಮೋಸವೆಂದು ಖಚಿತವಾಗಿದ್ದಕ್ಕಲ್ಲ. ಮೋಸವೇ ಆಗಿರಲಿ ಎಂದು ಅನಿಸಿತ್ತು. ನಿಜವಾಗಿದ್ದರೆ ನಾನು ಸೋತು ಹೋಗಬೇಕಿತ್ತಲ್ಲ, ಅವನೆದುರು.

ಇದನ್ನು ಕ್ಲಾಸಿನಲ್ಲಿ ಹೇಳಲಿಲ್ಲ. ಸ್ಟೋರ್‌ಕೀಪರ್ ಹೋಗುವಾಗ ಬೋರ್ಡು ಒರೆಸಿಕೊಟ್ಟರು.

ಜುಲೈ ೪, ಸಂಜೆ

ಅಮ್ಮ ದಿನಾ ಕೇಳುತ್ತಾಳೆ, “ಉತ್ತರ ಬರೆದ್ಯೇನೇ?” ಯಾರಿಗೆ ಅಮ್ಮಾ, ಅಂದರೆ ಮುಖ ತಿರುಗಿಸುತ್ತಾಳೆ.

ಈ ತಿಂಗಳು ಜಂಕ್ ತಾನಾಗಿ ಖಾಲಿಯಾಗುತ್ತದೆ. ಮೂರನ್ನೂ ಹೊರಗೆ ತಂದಿಟ್ಟೆ. ಬ್ಲಾಕ್ ತೆಗೆದೆ. ಎರಡು ನಿಮಿಷದ ಕೆಲಸ.

ಅಮ್ಮ ಪಕ್ಕದಲ್ಲೇ ಬಂದು ಕೂತಿದ್ದಾಳೆ. ಬರೆಯಲು ಕೂತರೆ ಬೆರಳೇ ಓಡುವುದಿಲ್ಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ—

ಮೊಂಡಾ, ನಾನು. ಇನ್‌ಸ್ಪೆಕ್ಟರ್. ನಾನೇ ಅನ್ನೋಕೆ ಗುರುತು: