ಮಾವನವರ ಜ್ವರಕ್ಕೆ ನಾನು ಹಾಕಿದ ಸ್ಟಾಪ್‌ಲಾಸ್

ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ,

ಮಾನ್ಯರೇ,

ನಾನು ಅಪರಾಧಿ. ನಿಮ್ಮ ಪುರುಷರ ವಾರ್ಡಿನ ಕಿಟಕಿ ಪಕ್ಕದ ಮಂಚಕ್ಕೆ ತೂಗುಹಾಕಿದ್ದ ನನ್ನ ಮಾವನವರ ಜ್ವರದ ಚಾರ್ಟಿನ ಮೇಲೆ, ಪೂರ್ಣ ಪ್ರಜ್ಞೆಯಿಂದ, ಯಾರ ಒತ್ತಾಯವೂ ಇಲ್ಲದೆ, ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಸ್ಕೇಲೂ ನನ್ನದೇ. ಇಷ್ಟಕ್ಕೇ ನೀವು ನನ್ನ ಪ್ರವೇಶ ನಿಷೇಧಿಸಿ, ವಾರ್ಡಿನ ಬಾಗಿಲಿಗೆ ನನ್ನ ಫೋಟೊ ಅಂಟಿಸಿದ್ದೀರಿ. ನಾಲ್ಕು ಮಾತಿಗೆ ಜೊತೆಯಿಲ್ಲದೆ ಮಾವನವರು ಒಳಗೆ. ಕಾವಲುಗಾರನ ಪಕ್ಕದ ಬೆಂಚಿನಲ್ಲಿ ನನ್ನದೇ ಮುಖ ನೋಡುತ್ತ ನಾನು ಹೊರಗೆ. ಇದು ನ್ಯಾಯವೇ?

ಷೇರುಬೆಲೆಯ ಏರಿಳಿತದ ಚಿತ್ರ ನೋಡಿ ಮುಂದಿನ ನಡೆ ಹೇಳುವುದು ನನ್ನ ಕಸುಬು. ನಡುವೆ ದೊಡ್ಡ ಗುಡ್ಡ, ಅಕ್ಕಪಕ್ಕ ಎರಡು ಸಣ್ಣ ಗುಡ್ಡ ಕಂಡರೆ ಅದಕ್ಕೆ ‘ತಲೆ-ಭುಜ’ ಎನ್ನುತ್ತೇವೆ. ಇನ್ನು ಇಳಿತವೇ ಎಂದರ್ಥ. ಮಾವನವರ ಚಾರ್ಟಿನಲ್ಲಿ ಕಂಡದ್ದು ಸಾಕ್ಷಾತ್ ತಲೆ-ಭುಜ. ಬಲಭುಜವೊಂದು ಬಾಕಿ ಇತ್ತು, ಚುಕ್ಕಿ ಇಟ್ಟು ನಾನೇ ತುಂಬಿದೆ. ನಿಮ್ಮ ಡ್ಯೂಟಿ ಡಾಕ್ಟರು ಅದನ್ನೇ ನಂಬಿ, ನಾಳೆ ಬರಬೇಕಾದ ಜ್ವರಕ್ಕೆ ಇವತ್ತೇ ತಣ್ಣೀರು ಬಟ್ಟೆ ಹಾಕಿಸಿದರೆ ತಪ್ಪು ನನ್ನದೇ? ಮುಂಜಾಗ್ರತೆ ಎಂದರೆ ಮತ್ತೇನು ಸ್ವಾಮಿ?

“ಅಳಿಯಂದ್ರೇ, ಚಳಿ ಆಗ್ತಿದೆ,” ಎಂದರು ಮಾವ.

“ಸ್ವಲ್ಪ ತಡ್ಕೊಳ್ಳಿ ಮಾವ, ನಿಮ್ಮ ಬಲಭುಜ ಇನ್ನೂ ಬರ್ಬೇಕು.”

“ಎರಡೂ ಇಲ್ಲೇ ಇದೆಯಲ್ರೀ!” ಎಂದು ಅವರು ಹೊದಿಕೆಯೊಳಗೆ ತಡವಿ ನೋಡಿಕೊಂಡರು.

ಸುದ್ದಿ ಹಬ್ಬಿತು. ಪಕ್ಕದ ಮಂಚದ ದರ್ಜಿಯ ಹೆಂಡತಿ “ಅಣ್ಣಾ, ನಮ್ಮೋರದ್ದೂ ಒಂಚೂರು ನೋಡಿ” ಎಂದು ಅಂಗಲಾಚಿದರು. ನೋಡಿದೆ, ಇಳಿಮುಖ, ಶುಭ. ಅದನ್ನು ಕೇಳಿ ಎದುರು ಮಂಚದ ಬಸ್ ಡ್ರೈವರು ತನ್ನ ಚಾರ್ಟು ಕೊಟ್ಟು ದರ್ಜಿಯ ಚಾರ್ಟು ಪಡೆಯಲು ಚೌಕಾಸಿಗಿಳಿದ. ಆ ವಹಿವಾಟಿಗೆ ನಾನು ಸಲಹೆ ಕೊಟ್ಟಿಲ್ಲವೆಂದು ಇಲ್ಲಿ ಸ್ಪಷ್ಟಪಡಿಸುತ್ತೇನೆ.

ಅಷ್ಟರಲ್ಲಿ ಬಂದರು ನಿಮ್ಮ ಹೆಡ್ ನರ್ಸು. “ಏನ್ರೀ ಇದು, ತಾಪಮಾನದ ಚಾರ್ಟೋ ಮನೆ ಪ್ಲಾನೋ?”

“ತಾಪ ಮಾವಂದು, ಮಾನ ನಂದು ಸಿಸ್ಟರ್.”

“ಮಾನ ಇದ್ದೋರು ರಬ್ಬರ್ ಯಾಕೆ ತರ್ತಾರೆ?” ಎಂದು ಸ್ಕೇಲು, ಪೆನ್ಸಿಲು, ರಬ್ಬರು ಮೂರನ್ನೂ ಕಿತ್ತುಕೊಂಡರು.

ಮಾನ್ಯರೇ, ಊಹೆ ತಪ್ಪಬಹುದೆಂದು ನನಗೂ ಗೊತ್ತು. ಅದಕ್ಕೇ ಷೇರು ಕೊಳ್ಳುವಾಗಲೇ ‘ಬೆಲೆ ಈ ಗೆರೆ ದಾಟಿ ಇಳಿದರೆ ನಷ್ಟ ನುಂಗಿಕೊಂಡು ಹೊರಬೀಳುತ್ತೇನೆ’ ಎಂದು ನಿಶ್ಚಯಿಸುತ್ತೇವೆ. ಅದೇ ಸ್ಟಾಪ್‌ಲಾಸ್. ಹೆದರಿಕೆ ಹತ್ತುವ ಮೊದಲೇ, ತಲೆ ತಣ್ಣಗಿರುವಾಗ ಎಳೆಯುವ ಗೆರೆ. ಸ್ಕೇಲು ಕೈತಪ್ಪುವ ಮೊದಲೇ ಮಾವನವರಿಗೂ ನೂರೊಂದು ಡಿಗ್ರಿಗೆ ಎಳೆದು ಹೆಂಡತಿಗೆ ತೋರಿಸಿದ್ದೆ.

“ಇದು ದಾಟಿದ್ರೆ ಯೋಚ್ನೆನೇ ಬೇಡ, ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋಗೋಣ.”

“ಆಮೇಲೆ ಮಾತು ಬದಲಾಯ್ಸಲ್ಲ ತಾನೇ? ಇರೋದು ಒಬ್ರೇ ಅಪ್ಪ ರೀ.”

“ನನ್ನ ಗೆರೆ ಅಂದ್ರೆ ಗೆರೆ ಕಣೇ.”

ಗೆರೆ ದಾಟಲಿಲ್ಲ. ಜ್ವರ ಇಳಿಯಿತು. ನಿಮ್ಮ ಇಡೀ ಆಸ್ಪತ್ರೆಯಲ್ಲಿ ಇಂಥ ಶಿಸ್ತು ಇನ್ಯಾರಿಗಿದೆ?

ಆದ್ದರಿಂದ ನಿಷೇಧ ತೆಗೆಯಿರಿ. ಫೋಟೊ ಕೀಳಿರಿ, ಅದರಲ್ಲಿ ಕಣ್ಣು ಮುಚ್ಚಿದ್ದೇನೆ. ಸ್ಕೇಲು, ಪೆನ್ಸಿಲನ್ನು ಹೆಂಡತಿಯ ಕೈಗೆ ಕೊಟ್ಟು ಕಳಿಸಿ. ಚಾರ್ಟನ್ನೂ ರಬ್ಬರನ್ನೂ ಮಾತ್ರ ದಯವಿಟ್ಟು ಅವಳಿಗೆ ತೋರಿಸಬೇಡಿ. ಬೆಳಕಿಗೆ ಹಿಡಿದರೆ ಅಳಿಸಿದ ಗುರುತು ಕಾಣುತ್ತದೆ. ಜ್ವರ ನೂರೊಂದು ದಾಟಿತ್ತು. ಅವಳು ಬರುವಷ್ಟರಲ್ಲಿ ಗೆರೆ ಅಳಿಸಿ ನೂರೆರಡಕ್ಕೆ ಎಳೆದೆ. ಅದೂ ದಾಟಿತು, ನೂರಮೂರಕ್ಕೆ ಏರಿಸಿದೆ. ಕೊನೆಯ ಗೆರೆ ಸೊಟ್ಟಗಿದೆ, ಸ್ಕೇಲು ಹುಡುಕಲೂ ನಿಲ್ಲಲಿಲ್ಲ. ಅಷ್ಟರಲ್ಲಿ ನಿಮ್ಮ ಹೆಡ್ ನರ್ಸು ನನ್ನನ್ನು ಪಕ್ಕಕ್ಕೆ ತಳ್ಳಿ ಇಂಜೆಕ್ಷನ್ ಕೊಟ್ಟರು. ಇಳಿಸಿದ್ದು ಅದು. ನನ್ನ ಷೇರುಗಳ ಗೆರೆಯನ್ನೂ ಹೀಗೇ ಅಳಿಸಿ ಕೆಳಗಿಳಿಸುವಾಗ ನನ್ನನ್ನು ಹಾಗೆ ತಳ್ಳುವವರು ಯಾರೂ ಇಲ್ಲದ್ದರಿಂದ, ಅವು ಇನ್ನೂ ಇಳಿಯುತ್ತಲೇ ಇವೆ.

ಇಂತಿ,
ಬಾಗಿಲ ಮೇಲಿರುವ ಫೋಟೊದವನು